ಮತ್ಸ್ಯಾಲಯದ ತಾಪಕ: ಅದರ ಚರಿತ್ರೆ ಮತ್ತು ಆಯ್ಕೆಯ ಪ್ರಶ್ನೆ
(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳನ್ನು ಲಕ್ಷಿಸಿ)

೧. ವಿಷಯದ ಸ್ವರೂಪ

ಮೀನು ಸಾಕುವ ಗಾಜಿನ ತೊಟ್ಟಿಯ ನೀರನ್ನು ಬೆಚ್ಚಗಿಡುವ ಒಂದು ಚಿಕ್ಕ ಉಪಕರಣವು ಇತಿಹಾಸದ ಅಭ್ಯಾಸಿಗಳ ಚರ್ಚೆಗೆ ಯೋಗ್ಯವಾದ ವಿಷಯವೇ ಎಂಬ ಸಂದೇಹವು ವಾಚಕರಲ್ಲಿ ಮೂಡುವುದು ಸಹಜ. ಶಾಸನ, ನಾಣ್ಯ, ಕೋಟೆ, ದೇವಾಲಯಗಳು ಗತಕಾಲದ ಸಾಕ್ಷಿಗಳೆಂದು ನಾವು ಒಪ್ಪಿದ್ದೇವೆ. ಆದರೆ ಜನರು ದಿನವೂ ಕೈಯಿಂದ ಮುಟ್ಟುವ ವಸ್ತುಗಳಿಗೂ ಅವುಗಳದೇ ಆದ ವಂಶಾವಳಿಯುಂಟು. ಅವುಗಳ ಒಂದೊಂದು ಅಂಗವೂ ಯಾವುದೋ ಕಾಲದಲ್ಲಿ, ಯಾವುದೋ ಕೊರತೆಯನ್ನು ನೀಗಲು ಸೇರಿಕೊಂಡುದಾಗಿದೆ. ಅಂಥ ವಂಶಾವಳಿಯನ್ನು ತಿಳಿಯದೆ ಉಪಕರಣವನ್ನು ಕೊಳ್ಳುವವನು ಅದರ ಬೆಲೆಯನ್ನು ಮಾತ್ರ ಬಲ್ಲನು, ಗುಣವನ್ನು ಅರಿಯನು.

ಪ್ರಕೃತ ವಿಷಯದಲ್ಲಿ ಈ ಅಜ್ಞಾನವು ಕೇವಲ ಹಣದ ನಷ್ಟದಲ್ಲಿ ಮುಗಿಯುವುದಿಲ್ಲ. ಅಂಗಡಿಯ ಮಾತಿನಲ್ಲಿ ‘ಹೀಟರು’ ಎನಿಸಿಕೊಂಡಿರುವ ಈ ತಾಪಕವು ೨೩೦ ವೋಲ್ಟಿನ ವಿದ್ಯುತ್ತನ್ನು ತೆಳುವಾದ ಗಾಜಿನ ಒಂದು ಪದರದಾಚೆ ನೀರಿನಲ್ಲಿ ನಿಲ್ಲಿಸುತ್ತದೆ. ಆ ನೀರಿನಲ್ಲಿ ಮೀನುಗಳಿವೆ. ಆಗಾಗ್ಗೆ ಮನೆಯವರ, ಅನೇಕ ಸಲ ಮಕ್ಕಳ, ಕೈಯೂ ಅದರಲ್ಲಿ ಇಳಿಯುತ್ತದೆ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಕೈಯೂ ಇಳಿಯುವುದುಂಟು. ಆದಕಾರಣ ವಿಶ್ವಾಸಾರ್ಹವೂ ಸುರಕ್ಷಿತವೂ ಆದ ತಾಪಕವನ್ನು ಆರಿಸುವ ಬಗೆಯನ್ನು ಅದರ ಚರಿತ್ರೆಯ ಮೂಲಕವೇ ನಿರೂಪಿಸುವುದು ಈ ಲೇಖನದ ಉದ್ದೇಶ. ಕ್ಷೇತ್ರವಾಗಿ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲೂಕುಗಳನ್ನು ಆರಿಸಿಕೊಂಡಿದ್ದೇವೆ. ಅಲ್ಲಿನ ಹವೆ, ಅಲ್ಲಿನ ನದಿ, ಅಲ್ಲಿನ ವಿದ್ಯುತ್ತು ಈ ಮೂರೂ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿರುವುದೇ ಇದಕ್ಕೆ ಕಾರಣ.

೨. ಕನ್ನಡ ನಾಡಿನಲ್ಲಿ ಮೀನಿನ ಪೋಷಣೆ

ಮೀನನ್ನು ವಿನೋದಕ್ಕಾಗಿ ಪೋಷಿಸುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (೧೧೨೬-೧೧೩೮) ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನೂ, ಅವುಗಳಿಗೆ ಹಾಕತಕ್ಕ ಆಹಾರವನ್ನೂ, ಗಾಳದಿಂದ ಅವುಗಳನ್ನು ಹಿಡಿಯುವ ಕ್ರಮವನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ಭಾರತದ ಮತ್ಸ್ಯಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಪ್ರಕರಣದ ಕಡೆಗೆ ವಿಜ್ಞಾನಿಗಳ ಲಕ್ಷ್ಯವನ್ನು ಸೆಳೆದರು. ಶೃಂಗೇರಿಯ ತುಂಗೆಯ ಸೋಪಾನಗಳ ಬಳಿ ಭಕ್ತರು ಮೀನುಗಳಿಗೆ ಆಹಾರ ನೀಡುವ ಪದ್ಧತಿಯು ಇಂದಿಗೂ ಎಲ್ಲರಿಗೆ ಪರಿಚಿತ.

ಈ ಎರಡೂ ನಿದರ್ಶನಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಲ್ಲಿ ಮೀನು ಇರುವುದು ತನ್ನ ನೀರಿನಲ್ಲಿಯೇ. ಕೆರೆಯಾಗಲಿ ಹೊಳೆಯಾಗಲಿ, ಅಪಾರವಾದ ಜಲರಾಶಿಯು ಹಗಲಿನ ಕಾವನ್ನು ರಾತ್ರಿಗೆ ಉಳಿಸಿಕೊಳ್ಳುತ್ತದೆ. ಅದರ ಉಷ್ಣಮಾನವು ಮೆಲ್ಲಮೆಲ್ಲನೆ ಬದಲಾಗುವುದು. ಮೀನಿಗೆ ಆಳಕ್ಕೂ ಮೇಲಕ್ಕೂ ಚಲಿಸುವ ಸ್ವಾತಂತ್ರ್ಯವಿರುವುದು. ಆದುದರಿಂದ ನೀರನ್ನು ಕಾಯಿಸಬೇಕೆಂಬ ಪ್ರಶ್ನೆಯೇ ಅಲ್ಲಿ ಹುಟ್ಟಲಿಲ್ಲ. ಈ ಪ್ರಶ್ನೆಯು ಹುಟ್ಟಿದ್ದು ಎರಡು ಸಂಗತಿಗಳು ಒಟ್ಟುಗೂಡಿದಾಗ: ನೀರು ಅಲ್ಪಪ್ರಮಾಣಕ್ಕೆ ಇಳಿದಾಗ, ಮತ್ತು ಮೀನು ಪರದೇಶದಿಂದ ಬಂದಾಗ.

೩. ಗಾಜಿನ ತೊಟ್ಟಿ ಮತ್ತು ಅದರಡಿಯ ದೀಪ

ಜಲಚರಗಳನ್ನು ಅಭ್ಯಸಿಸುವ ಸಲುವಾಗಿ ಜಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆಯು ೧೮೩೨ರ ಸುಮಾರಿಗೆ ಸಿಸಿಲಿಯ ಮೆಸ್ಸೀನಾದಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ೧೮೫೦ರಲ್ಲಿ ಚಿನ್ನದ ಮೀನು, ಜಲಸಸ್ಯ, ಬಸವನಹುಳು ಇವು ಮೂರನ್ನೂ ಒಂದೇ ಪಾತ್ರೆಯಲ್ಲಿ ಸಮತೋಲವಾಗಿ ಬಾಳಿಸಬಹುದೆಂದು ವಿವರಿಸಿದನು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಗ್ರಂಥದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮನೆಗೆ ಮುಟ್ಟಿತು. ಈ ಮೊದಲ ತೊಟ್ಟಿಗಳಲ್ಲಿದ್ದುದು ಯುರೋಪಿನ ಚಳಿಯನ್ನು ಸಹಿಸಬಲ್ಲ ಜೀವಿಗಳೇ.

೧೮೬೯ರಲ್ಲಿ ಪಿಯೆರ್ ಕಾರ್ಬೊನಿಯೇ ಎಂಬವನು ಪೂರ್ವ ಏಷ್ಯದ ‘ಪ್ಯಾರಡೈಸ್’ ಮೀನನ್ನು ಪ್ಯಾರಿಸ್ಸಿನಲ್ಲಿ ಸಾಕಿ ಮರಿ ಮಾಡಿಸಿದುದು ಹೊಸ ಅಧ್ಯಾಯಕ್ಕೆ ನಾಂದಿಯಾಯಿತು. ಆ ಮೇಲೆ ಉಷ್ಣವಲಯದ ಮೀನುಗಳು ಹಡಗಿನ ಮಾರ್ಗವಾಗಿ ಯುರೋಪಿಗೆ ಹೆಚ್ಚು ಹೆಚ್ಚಾಗಿ ಬರತೊಡಗಿದುವು. ಇವಕ್ಕೆ ಚಳಿಗಾಲದ ತಣ್ಣೀರು ಮಾರಕವಾಯಿತು. ಆಗಿನ ಉಪಾಯವು ಸರಳವಾದುದು: ತೊಟ್ಟಿಯ ತಳವನ್ನು ಕಲ್ಲುಹಲಗೆಯಿಂದಲೋ ಲೋಹದ ತಗಡಿನಿಂದಲೋ ಮಾಡಿ ಅದರ ಕೆಳಗೆ ಎಣ್ಣೆಯ ದೀಪವನ್ನೋ ಅನಿಲದ ಜ್ವಾಲೆಯನ್ನೋ ಉರಿಸುವುದು.

ನಮ್ಮ ವಾಚಕರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಹಳಿಯಾಳ ಜೋಯಿಡಾಗಳ ಹಳೆಯ ಮನೆಗಳ ಬಚ್ಚಲಿನಲ್ಲಿ ಒಲೆಯ ಮೇಲೆ ಕೂತಿರುವ ತಾಮ್ರದ ಹಂಡೆಯ ತತ್ತ್ವವೂ ಇದೇ. ಕೆಳಗೆ ಬೆಂಕಿ, ನಡುವೆ ಲೋಹ, ಮೇಲೆ ನೀರು. ಉರಿಯನ್ನು ಎಳೆದರೂ ಕೆಂಡವು ಬಹಳ ಹೊತ್ತು ಕಾವನ್ನು ಕೊಡುತ್ತಲೇ ಇರುವುದು. ನೀರು ಎಷ್ಟು ಕಾಯಬೇಕೆಂಬುದರ ಮೇಲೆ ಒಲೆಗೆ ಹಿಡಿತವಿಲ್ಲ. ಆದರೆ ಮೀಯುವವನು ಕೈಯದ್ದಿ ನೋಡಿ, ಬಿಸಿ ಹೆಚ್ಚಾದರೆ ತಣ್ಣೀರು ಬೆರೆಸಿಕೊಳ್ಳುವನು. ಹಂಡೆಯ ಏರ್ಪಾಡಿನಲ್ಲಿ ನಿಯಾಮಕನು ಮನುಷ್ಯನೇ. ತೊಟ್ಟಿಯ ಮೀನಿಗೆ ಈ ಉಪಾಯವಿಲ್ಲ. ಅದು ಕಾದ ನೀರಿನಲ್ಲಿಯೇ ಇರಬೇಕು. ಮತ್ಸ್ಯಾಲಯದ ತಾಪಕದ ಮುಂದಿನ ಚರಿತ್ರೆಯೆಲ್ಲ ಈ ಕೈಯದ್ದಿ ನೋಡುವ ಮನುಷ್ಯನ ಸ್ಥಾನವನ್ನು ಒಂದು ಯಂತ್ರಾಂಗಕ್ಕೆ ಒಪ್ಪಿಸುವ ಪ್ರಯತ್ನದ ಚರಿತ್ರೆಯೆಂದರೆ ತಪ್ಪಾಗಲಾರದು.

೪. ಕಾಯಿಸುವ ತಂತಿ, ನಿಯಮಿಸುವ ಪಟ್ಟಿ

ಇಂದಿನ ತಾಪಕದಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ: ಕಾಯುವ ತಂತಿ, ಅದನ್ನು ನೀರಿನಿಂದ ಬೇರ್ಪಡಿಸುವ ಕೊಳವೆ, ಉಷ್ಣಮಾನವನ್ನು ನಿಯಮಿಸುವ ಥರ್ಮೋಸ್ಟಾಟು. ಈ ಮೂರರ ಮೂಲಗಳೂ ಮತ್ಸ್ಯಾಲಯದ ಹೊರಗೆಯೇ ಇವೆ. ವಯಸ್ಸಿನಲ್ಲಿ ಅತ್ಯಂತ ಹಿರಿಯದು ಮೂರನೆಯದು.

ಹದಿನೇಳನೆಯ ಶತಮಾನದ ಆದಿಯಲ್ಲಿ, ಇಂಗ್ಲೆಂಡಿನಲ್ಲಿ ನೆಲಸಿದ್ದ ಡಚ್ಚರ ಕೊರ್ನೆಲಿಸ್ ಡ್ರೆಬೆಲ್ಲನು ಮೊಟ್ಟೆಗಳಿಗೆ ಕಾವು ಕೊಡುವ ಕುಲುಮೆಯೊಂದನ್ನು ರಚಿಸಿ, ಕಾವು ಹೆಚ್ಚಿದಾಗ ಹಿಗ್ಗುವ ಮದ್ಯಸಾರವು ಪಾದರಸವನ್ನು ಮೇಲಕ್ಕೊತ್ತಿ ಗಾಳಿಯ ಕಂಡಿಯನ್ನು ತಾನೇ ಮುಚ್ಚುವಂತೆ ಮಾಡಿದನು. ಹದಿನೆಂಟನೆಯ ಶತಮಾನದ ನಡುವೆ, ಜಾನ್ ಹ್ಯಾರಿಸನ್ನನು ತನ್ನ ಮೂರನೆಯ ಸಾಗರ ಗಡಿಯಾರದಲ್ಲಿ ಹಿತ್ತಾಳೆ ಉಕ್ಕುಗಳ ಎರಡು ಪಟ್ಟಿಗಳನ್ನು ಬೆಸೆದು, ಕಾವಿಗೆ ಬಾಗುವ ದ್ವಿಲೋಹಪಟ್ಟಿಯನ್ನು ಬಳಕೆಗೆ ತಂದನು. ೧೮೩೦ರಲ್ಲಿ ಆಂಡ್ರ್ಯೂ ಯೂರ್ ಎಂಬ ರಸಾಯನಜ್ಞನು ಇಂಥ ಪಟ್ಟಿಯಿಂದ ನಡೆಯುವ ನಿಯಾಮಕಕ್ಕೆ ಸನ್ನದು ಪಡೆದು, ಅದಕ್ಕೆ ‘ಥರ್ಮೋಸ್ಟಾಟ್’ ಎಂಬ ಹೆಸರನ್ನಿತ್ತನು.

ತಂತಿಯಲ್ಲಿ ಹರಿಯುವ ವಿದ್ಯುತ್ತು ಉಷ್ಣವಾಗುವ ನಿಯಮವನ್ನು ಜೇಮ್ಸ್ ಜೌಲನು ೧೮೪೧ರಲ್ಲಿ ಪ್ರಕಟಿಸಿದನು. ಆದರೆ ಕೆಂಪಾಗುವವರೆಗೆ ಕಾದರೂ ಬೇಗನೆ ಸುಟ್ಟುಹೋಗದ ತಂತಿಗೆ ೧೯೦೬ರವರೆಗೆ ಕಾಯಬೇಕಾಯಿತು. ಆ ವರ್ಷ ಆಲ್ಬರ್ಟ್ ಮಾರ್ಷನಿಗೆ ನಿಕ್ಕಲ್ ಕ್ರೋಮಿಯಂಗಳ ಮಿಶ್ರಲೋಹಕ್ಕೆ, ಅಂದರೆ ನೈಕ್ರೋಮಿಗೆ, ಅಮೆರಿಕದ ಸನ್ನದು ದೊರೆಯಿತು. ೧೯೧೫ರಲ್ಲಿ ಕಾರ್ನಿಂಗ್ ಸಂಸ್ಥೆಯು ಪೈರೆಕ್ಸ್ ಎಂಬ ಬೋರೋಸಿಲಿಕೇಟ್ ಗಾಜನ್ನು ಮಾರುಕಟ್ಟೆಗೆ ತಂದಿತು. ಕಾವಿನ ಏರಿಳಿತಕ್ಕೆ ಸುಲಭವಾಗಿ ಬಿರಿಯದ ಈ ಬಗೆಯ ಗಾಜೇ ತಾಪಕದ ಕೊಳವೆಗೆ ಒದಗಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ತಾಪಕವೂ ಥರ್ಮೋಸ್ಟಾಟೂ ಎರಡು ಬೇರೆ ಬೇರೆ ವಸ್ತುಗಳಾಗಿ ದೊರೆಯುತ್ತಿದ್ದುವು. ಒಂದು ನೀರಿನ ತಳದಲ್ಲಿ ಮಲಗಿರುವುದು, ಇನ್ನೊಂದು ತೊಟ್ಟಿಯ ಅಂಚಿಗೆ ತೂಗಿರುವುದು. ಆ ಮೇಲೆ ಎರಡನ್ನೂ ಒಂದೇ ಕೊಳವೆಯಲ್ಲಿ ಸೇರಿಸಿದರು. ಮೊದಮೊದಲು ಕೊಳವೆಯ ತಲೆಯು ನೀರಿನ ಮೇಲೆಯೇ ಇರಬೇಕಾಗಿತ್ತು. ಪೂರ್ತಿಯಾಗಿ ಮುಳುಗಬಲ್ಲ ತಾಪಕವು ಆನಂತರದ್ದು. ಇತ್ತೀಚಿನ ದಶಕಗಳಲ್ಲಿ ದ್ವಿಲೋಹಪಟ್ಟಿಯ ಬದಲು ಥರ್ಮಿಸ್ಟರು ಮತ್ತು ಇಲೆಕ್ಟ್ರಾನಿಕ್ ನಿಯಾಮಕ, ಗಾಜಿನ ಬದಲು ಟೈಟೇನಿಯಂ ಲೋಹ ಅಥವಾ ಗಟ್ಟಿ ಪ್ಲಾಸ್ಟಿಕ್ಕು ಬಂದಿವೆ. ಒಂದೊಂದು ಮಾರ್ಪಾಡೂ ಹಿಂದಿನದರ ಒಂದು ದೋಷಕ್ಕೆ ಉತ್ತರವಾಗಿದೆಯೆಂಬುದನ್ನು ಮುಂದೆ ನೋಡುವೆವು.

೫. ನಾಲ್ಕು ತಾಲೂಕುಗಳ ಸನ್ನಿವೇಶ

ಭಾರತದ ಮೊದಲ ಸಾರ್ವಜನಿಕ ಮತ್ಸ್ಯಾಲಯವು ೧೯೦೯ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ತೆರೆಯಿತು. ಮುಂಬಯಿಯ ತಾರಾಪೊರೆವಾಲಾ ಮತ್ಸ್ಯಾಲಯವು ೧೯೫೧ರಲ್ಲಿ ಸ್ಥಾಪನೆಗೊಂಡಿತು. ಇವೆರಡೂ ಚಳಿಯ ಬಾಧೆಯಿಲ್ಲದ ಕರಾವಳಿಯ ನಗರಗಳು. ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯವು ೧೯೮೩ರಲ್ಲಿ ಬಂದಿತು. ದಖನ್ನಿನ ಎತ್ತರದ ಪ್ರದೇಶದಲ್ಲಿ ತೊಟ್ಟಿಯ ನೀರು ರಾತ್ರಿಯಲ್ಲಿ ತಣ್ಣಗಾಗುವ ಪ್ರಶ್ನೆಯು ಕರಾವಳಿಯಲ್ಲಿರುವುದಕ್ಕಿಂತ ಬೇರೆಯಾದುದು.

ನಮ್ಮ ನಾಲ್ಕು ತಾಲೂಕುಗಳ ಮುಖ್ಯ ಊರುಗಳು ಸ್ಥೂಲವಾಗಿ ಸಮುದ್ರಮಟ್ಟದಿಂದ ೪೫೦ರಿಂದ ೬೦೦ ಮೀಟರುಗಳ ಎತ್ತರದಲ್ಲಿವೆ. ಡಿಸೆಂಬರ್ ಜನವರಿಗಳಲ್ಲಿ ಹಗಲು ೩೦ ಅಂಶದ (ಸೆಂಟಿಗ್ರೇಡ್) ಸಮೀಪಕ್ಕೆ ಏರುವ ಉಷ್ಣಮಾನವು ರಾತ್ರಿಯಲ್ಲಿ ೧೫ ಅಂಶದ ಸುತ್ತಮುತ್ತಿಗೆ ಇಳಿಯುವುದುಂಟು. ಒಂದು ದಿನದೊಳಗಿನ ಈ ದೊಡ್ಡ ಅಂತರವೇ ಇಲ್ಲಿಯ ವಿಶೇಷ. ಹೊಳೆಗೆ ಇದು ಏನೂ ಅಲ್ಲ. ಅರವತ್ತು ಲೀಟರಿನ ತೊಟ್ಟಿಗೆ ಇದು ದೊಡ್ಡ ಏರಿಳಿತ. ಪಡುವಣ ಜೋಯಿಡಾದಲ್ಲಿ ದಟ್ಟ ಕಾಡು, ಬಿರುಮಳೆ. ಮೂಡಣ ಹಳಿಯಾಳ ಮುಂಡಗೋಡಗಳಲ್ಲಿ ಬಯಲು ಹೆಚ್ಚು, ಮಳೆ ಕಡಿಮೆ. ಮಳೆಗಾಲದ ತೇವವು ವಿದ್ಯುತ್ತಿನ ಸಾಕೆಟ್ಟು ಪ್ಲಗ್ಗುಗಳ ಲೋಹವನ್ನು ಕಿಲುಬು ಹಿಡಿಸುವುದೂ ಗಮನಾರ್ಹ.

ವಿದ್ಯುತ್ತಿನ ಚರಿತ್ರೆಯಲ್ಲಿ ಈ ಪ್ರದೇಶಕ್ಕಿರುವ ಸ್ಥಾನವು ವಿಚಿತ್ರವಾದುದು. ಮೈಸೂರು ಸಂಸ್ಥಾನದ ಶಿವನಸಮುದ್ರವು ೧೯೦೨ರಲ್ಲಿಯೇ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಜೋಗದ ವಿದ್ಯುದಾಗಾರವು ೧೯೪೮ರಲ್ಲಿ ಆರಂಭವಾಯಿತು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ೧೯೫೬ರಲ್ಲಿ ಏಕೀಕೃತ ರಾಜ್ಯದ ಭಾಗವಾಯಿತು. ದಾಂಡೇಲಿಯ ಕಾಗದದ ಕಾರ್ಖಾನೆಯು ೧೯೫೯ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೧೯೬೬ರಲ್ಲಿ ಮುಂಡಗೋಡದ ಬಳಿ ಟಿಬೇಟಿನ ನಿರಾಶ್ರಿತರ ವಸತಿ ಸ್ಥಾಪನೆಗೊಂಡಿತು. ಜೋಯಿಡಾ ತಾಲೂಕಿನ ದಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲನ್ನು ಸೇರುವ ಕಾಳಿ ನದಿಗೆ ಸೂಪಾದಲ್ಲಿ ೧೦೧ ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಲಾಯಿತು. ಹಳೆಯ ಸೂಪಾ ಊರು ನೀರಿನಲ್ಲಿ ಮುಳುಗಿತು. ಅದರ ಹೆಸರಿನ ತಾಲೂಕು ಜೋಯಿಡಾ ಎಂಬ ಹೆಸರನ್ನು ಪಡೆಯಿತು. ಗಣೇಶಗುಡಿ, ನಾಗಝರಿ ವಿದ್ಯುದಾಗಾರಗಳಿಂದ ಹೊರಡುವ ಶಕ್ತಿಯು ರಾಜ್ಯದ ದೂರದೂರಕ್ಕೆ ಹರಿಯುತ್ತದೆ.

ಆದರೆ ವಿದ್ಯುತ್ತು ಹುಟ್ಟುವ ಸ್ಥಳವೇ ವಿದ್ಯುತ್ತು ಸ್ಥಿರವಾಗಿ ದೊರೆಯುವ ಸ್ಥಳವಲ್ಲ. ಕಾಡಿನೊಳಗೆ ಚದುರಿರುವ ಮಜರೆಗಳಿಗೆ ತಂತಿಯನ್ನೊಯ್ಯುವುದು ಕಷ್ಟ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಸಾಮಾನ್ಯ. ಉದ್ದವಾದ ಮಾರ್ಗದ ಕೊನೆಯಲ್ಲಿ ವೋಲ್ಟೇಜು ಕುಗ್ಗುವುದು ಭೌತಶಾಸ್ತ್ರದ ನಿಯಮ. ೨೦೦೨ರಿಂದ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಗೆ ಸೇರಿರುವ ಈ ತಾಲೂಕುಗಳಲ್ಲಿ ತಾಪಕವನ್ನು ಕೊಳ್ಳುವವನು ಈ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

೬. ತಾಪಕವು ಬೇಕೇ ಎಂಬ ಮೊದಲ ಪ್ರಶ್ನೆ

ಯಾವ ತಾಪಕ ಎಂಬುದಕ್ಕಿಂತ ಮೊದಲು ತಾಪಕವು ಬೇಕೇ ಎಂಬುದನ್ನು ನಿರ್ಣಯಿಸತಕ್ಕದ್ದು. ಯುರೋಪಿನವರು ಉಷ್ಣವಲಯದ ಮೀನಿಗಾಗಿ ತಾಪಕವನ್ನು ರಚಿಸಿದರು. ಅಂಥ ಮೀನುಗಳಲ್ಲಿ ನಮ್ಮ ಪಶ್ಚಿಮಘಟ್ಟದ ಮೀನುಗಳೂ ಇದ್ದುವು. ಥಾಮಸ್ ಜರ್ಡನ್ನನು ೧೮೪೯ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ಕುರಿತು ಬರೆದಾಗ ವರ್ಣಿಸಿದ ಮಲಬಾರ್ ಡಾನಿಯೋ, ಮೆಲನ್ ಬಾರ್ಬ್ ಮೊದಲಾದುವು ಇಂದು ಜಗತ್ತಿನಾದ್ಯಂತ ಗಾಜಿನ ತೊಟ್ಟಿಗಳಲ್ಲಿವೆ. ಹೀಗೆ ಘಟ್ಟದ ಮೀನಿಗಾಗಿ ದೂರದೇಶದಲ್ಲಿ ಬೇಕಾದ ಯಂತ್ರವು ತಿರುಗಿ ಘಟ್ಟದ ಊರಿನ ಅಂಗಡಿಗೇ ಬಂದಿದೆ. ಆದರೆ ಘಟ್ಟದ ಹಳ್ಳಗಳ ಮೀನು ಇಲ್ಲಿಯ ಚಳಿಗೆ ಒಗ್ಗಿದ್ದು. ಮನೆಯೊಳಗಿನ ತೊಟ್ಟಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ತಾಪಕದ ಅಗತ್ಯವಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹೊಳೆಗಳಿಂದ ಮೀನನ್ನು ಹಿಡಿದು ತರುವುದು ಕಾಯಿದೆಗೆ ವಿರುದ್ಧವೆಂಬುದನ್ನೂ ಇಲ್ಲಿ ನೆನೆಯಬೇಕು.

ಚಿನ್ನದ ಮೀನಿಗೂ ತಾಪಕವು ಬೇಡ. ಅದು ತಣ್ಣೀರನ್ನೇ ಮೆಚ್ಚುವುದು. ಅಮೆಜಾನ್ ನದಿಯ ಏಂಜಲ್ ಮೀನು, ಆಗ್ನೇಯ ಏಷ್ಯದ ಬೆಟ್ಟಾ ಇವುಗಳಿಗೆ ೨೪ರಿಂದ ೨೮ ಅಂಶದ ನೀರು ಹಿತ. ಡಿಸ್ಕಸ್ ಮೀನಿಗೆ ೨೮ರಿಂದ ೩೦ ಅಂಶ ಬೇಕು. ಇದನ್ನು ಈ ತಾಲೂಕುಗಳಲ್ಲಿ ಚಳಿಗಾಲದಲ್ಲಿ ತಾಪಕವಿಲ್ಲದೆ ಸಾಕುವುದು ಸಾಧ್ಯವಿಲ್ಲ. ಚಳಿಯಿಂದ ಕುಗ್ಗಿದ ಮೀನಿಗೆ ‘ಬಿಳಿಚುಕ್ಕೆ’ ರೋಗವು ಬೇಗನೆ ತಗಲುವುದು. ೧೮೭೬ರಲ್ಲಿ ಫುಕೆ ಎಂಬ ವಿಜ್ಞಾನಿಯು ವರ್ಣಿಸಿದ ಒಂದು ಏಕಕೋಶಜೀವಿಯು ಇದಕ್ಕೆ ಕಾರಣ. ಹೀಗೆ ಆಯ್ಕೆಯು ಮೀನಿನಿಂದಲೇ ಆರಂಭವಾಗತಕ್ಕದ್ದು.

೭. ವಿಶ್ವಾಸಾರ್ಹತೆಯ ಲೆಕ್ಕ

ವಿಶ್ವಾಸಾರ್ಹವಾದ ತಾಪಕವೆಂದರೆ ಬೇಕಾದಾಗ ಹೊತ್ತುವುದೂ ಬೇಡವಾದಾಗ ಆರುವುದೂ ಆದ ತಾಪಕ. ಜನಸಾಮಾನ್ಯರು ಮೊದಲನೆಯದನ್ನೇ ಗಮನಿಸುವರು. ಮೀನುಗಳ ಪ್ರಾಣವು ಹೆಚ್ಚಾಗಿ ಎರಡನೆಯದರಲ್ಲಿದೆ. ದ್ವಿಲೋಹಪಟ್ಟಿಯ ತುದಿಯ ಸಂಪರ್ಕಬಿಂದುಗಳು ಪ್ರತಿಸಲ ಕೂಡಿ ಅಗಲುವಾಗಲೂ ಚಿಕ್ಕ ಕಿಡಿಯೇಳುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಒಂದು ದಿನ ಅವು ಬೆಸೆದುಕೊಂಡು ಬಿಡುವುದುಂಟು. ಆಗ ತಾಪಕವು ಆರುವುದೇ ಇಲ್ಲ.

ಇದರ ಪರಿಣಾಮವನ್ನು ಸರಳ ಗಣಿತದಿಂದ ತಿಳಿಯಬಹುದು. ಒಂದು ಲೀಟರು ನೀರನ್ನು ಒಂದು ಅಂಶ ಏರಿಸಲು ಸುಮಾರು ೪.೨ ಕಿಲೋಜೌಲ್ ಶಕ್ತಿ ಬೇಕು. ೬೦ ಲೀಟರಿಗೆ ಸುಮಾರು ೨೫೦ ಕಿಲೋಜೌಲ್. ಗಾಜಿನಿಂದ ಹೊರಹೋಗುವ ಕಾವನ್ನು ಬಿಟ್ಟು ಲೆಕ್ಕಿಸಿದರೆ, ೩೦೦ ವಾಟಿನ ತಾಪಕವು ೧೪ ನಿಮಿಷಕ್ಕೊಂದು ಅಂಶದಂತೆ ನೀರನ್ನು ಏರಿಸುತ್ತದೆ. ಅದು ಆರದೆ ನಿಂತರೆ ೨೬ ಅಂಶದ ನೀರು ಎರಡು ಮೂರು ಗಂಟೆಗಳಲ್ಲಿ ೩೪ ಅಂಶವನ್ನು ಮುಟ್ಟುವುದು. ಕಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆ: ಸಮುದ್ರಮಟ್ಟದಲ್ಲಿ ೨೫ ಅಂಶದ ನೀರು ಲೀಟರಿಗೆ ಸುಮಾರು ೮.೩ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು, ೩೫ ಅಂಶದಲ್ಲಿ ಸುಮಾರು ೬.೯ ಮಾತ್ರ, ಘಟ್ಟದ ಎತ್ತರದಲ್ಲಿ ಇನ್ನೂ ತುಸು ಕಡಿಮೆ. ಮೀನಿನ ಉಸಿರಾಟದ ಅಗತ್ಯವು ಹೆಚ್ಚುವ ಹೊತ್ತಿಗೇ ಉಸಿರು ಕುಗ್ಗುತ್ತದೆ. ಅದೇ ತೊಟ್ಟಿಯಲ್ಲಿ ೭೫ ವಾಟಿನ ತಾಪಕವು ಕೆಟ್ಟು ಆರದೆ ನಿಂತರೆ, ಒಂದು ಅಂಶ ಏರಲು ಒಂದು ಗಂಟೆಯ ಸಮೀಪ, ಕಾವಿನ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚು ಹೊತ್ತು ಬೇಕು. ಮನೆಯವರು ಗಮನಿಸಲು ಅಷ್ಟರಲ್ಲಿ ಅವಕಾಶವಿರುವುದು.

ಇದರಿಂದ ಎರಡು ನಿಯಮಗಳು ಫಲಿಸುತ್ತವೆ. ಒಂದನೆಯದು: ಅಂಗಡಿಯವನು ‘ದೊಡ್ಡದೇ ಇರಲಿ’ ಎಂದಾಗ ಒಪ್ಪದಿರುವುದು. ಈ ತಾಲೂಕುಗಳ ಚಳಿಗೆ ಲೀಟರಿಗೆ ಸುಮಾರು ಒಂದು ವಾಟು ಸಾಮಾನ್ಯವಾಗಿ ಸಾಕು. ಎರಡನೆಯದು: ದೊಡ್ಡ ತೊಟ್ಟಿಯಾದರೆ ಬೇಕಾದ ವಾಟನ್ನು ಎರಡು ತಾಪಕಗಳಿಗೆ ಹಂಚುವುದು. ಒಂದು ಹೊತ್ತದೆ ಹೋದರೆ ಇನ್ನೊಂದು ನೀರನ್ನು ತೀರ ತಣಿಯಗೊಡದು. ಒಂದು ಆರದೆ ಹೋದರೆ ಅದಕ್ಕೊಂದಕ್ಕೇ ನೀರನ್ನು ಬೇಗನೆ ಕುದಿಸುವ ಬಲವಿಲ್ಲ. ತಾಪಕದೊಳಗಿನ ಥರ್ಮೋಸ್ಟಾಟಲ್ಲದೆ ಹೊರಗೊಂದು ಬೇರೆ ನಿಯಾಮಕವನ್ನು ಇಡುವುದು ಇನ್ನೂ ಉತ್ತಮ. ಎರಡೂ ಒಟ್ಟಿಗೆ ಕೆಡುವುದು ವಿರಳ. ಹಳೆಯ ಕಾಲದ ಎರಡು ಬೇರೆ ವಸ್ತುಗಳ ಏರ್ಪಾಡಿಗೆ ಈ ರೀತಿ ಇನ್ನೊಂದು ರೂಪದಲ್ಲಿ ನಾವು ಮರಳಿದಂತಾಯಿತು. ಇದಕ್ಕೆಲ್ಲ ಮೇಲೆ ಸಾದಾ ಉಷ್ಣಮಾಪಕವೊಂದು ತೊಟ್ಟಿಯಲ್ಲಿ ಇರಲೇಬೇಕು. ತಾಪಕದ ಮೇಲಿನ ಅಂಕಿಯು ನಾವು ಬಯಸಿದ ಉಷ್ಣಮಾನವನ್ನು ಹೇಳುತ್ತದೆ, ನೀರಿನಲ್ಲಿರುವ ಉಷ್ಣಮಾನವನ್ನಲ್ಲ.

ವೋಲ್ಟೇಜಿನ ಮಾತು ಉಳಿಯಿತು. ನೈಕ್ರೋಮ್ ತಂತಿಯ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದು. ೨೩೦ ವೋಲ್ಟಿಗೆ ೧೦೦ ವಾಟಾದ ತಾಪಕವು ೧೮೦ ವೋಲ್ಟಿನಲ್ಲಿ ಸುಮಾರು ೬೧ ವಾಟನ್ನು, ೨೬೦ ವೋಲ್ಟಿನಲ್ಲಿ ಸುಮಾರು ೧೨೮ ವಾಟನ್ನು ಕೊಡುವುದು. ತಂತಿಮಾರ್ಗದ ಕೊನೆಯ ಮನೆಯವರು ಒಂದು ಮೆಟ್ಟಿಲು ಹೆಚ್ಚಿನ ವಾಟನ್ನು ಆರಿಸಿಕೊಂಡರೆ ತಪ್ಪಿಲ್ಲ. ಆದರೆ ಅಂಥವರಿಗೆ ಹೊರ ನಿಯಾಮಕವು ಅನಿವಾರ್ಯ. ವಿದ್ಯುತ್ತು ಹೋದಾಗ ಗಾಬರಿಗೆ ಕಾರಣವಿಲ್ಲ. ೬೦ ಲೀಟರಿನ ತೊಟ್ಟಿಯು ಕೋಣೆಗಿಂತ ೮ ಅಂಶ ಬೆಚ್ಚಗಿದ್ದರೆ ಗಂಟೆಗೆ ಸುಮಾರು ಅರ್ಧ ಅಂಶ ತಣಿಯುವುದು. ಗಾಳಿಯಾಡಲು ಮೇಲ್ಭಾಗವನ್ನು ಬಿಟ್ಟು ಸುತ್ತಲೂ ಕಂಬಳಿಯನ್ನೋ ಥರ್ಮೋಕೋಲ್ ಹಲಗೆಯನ್ನೋ ಒತ್ತಿದರೆ ಇನ್ನೂ ನಿಧಾನ. ಹಂಡೆಯ ಬಿಸಿನೀರನ್ನು ನೇರವಾಗಿ ಸುರಿಯುವುದು ಮಾತ್ರ ಚಳಿಗಿಂತಲೂ ಘಾತಕ.

೮. ಸುರಕ್ಷತೆ

ಇನ್ನು ಮನುಷ್ಯನ ಪ್ರಾಣದ ವಿಷಯ. ಬಕೆಟ್ಟಿನ ನೀರನ್ನು ಕಾಯಿಸುವ ಇಮ್ಮರ್ಷನ್ ರಾಡನ್ನು ಚಳಿಯ ರಾತ್ರಿಯಲ್ಲಿ ಮೀನಿನ ತೊಟ್ಟಿಗೆ ಇಳಿಸುವವರು ಇದ್ದರೆ ಅವರಿಗೆ ಈ ಮಾತು ಮೊದಲು ಸಲ್ಲುತ್ತದೆ: ಅದು ೧೦೦೦ದಿಂದ ೧೫೦೦ ವಾಟಿನದು; ಸಾಮಾನ್ಯವಾಗಿ ಅದಕ್ಕೆ ಉಷ್ಣಮಾನದ ನಿಯಾಮಕವಿರುವುದಿಲ್ಲ; ಮೀನಿಗೂ ಮನುಷ್ಯನಿಗೂ ಅದು ತಕ್ಕುದಲ್ಲ.

ತಾಪಕದ ಗಾಜು ಬಿರಿದರೆ ನೀರು ವಿದ್ಯುತ್ತಿನ ತಂತಿಯನ್ನು ಮುಟ್ಟುತ್ತದೆ. ಮನೆಯ ಫ್ಯೂಜು ಇದನ್ನು ತಡೆಯುವುದೆಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು ನಂಬಿಕೆ. ೧೦೦ ವಾಟಿನ ತಾಪಕವು ಎಳೆಯುವ ವಿದ್ಯುತ್ತು ಅರ್ಧ ಆಂಪಿಯರಿಗಿಂತ ಕಡಿಮೆ. ಫ್ಯೂಜು ಕರಗಲು ಹಲವು ಆಂಪಿಯರು ಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್‌ಜೀಲ್ ಎಂಬ ಪ್ರಾಧ್ಯಾಪಕರು ಮನುಷ್ಯದೇಹದ ಮೇಲೆ ವಿದ್ಯುತ್ತಿನ ಪರಿಣಾಮವನ್ನು ದೀರ್ಘಕಾಲ ಪರೀಕ್ಷಿಸಿ, ಹಿಡಿದ ತಂತಿಯನ್ನು ಬಿಡಲು ಕೈಗೆ ಶಕ್ತಿಯಿರುವ ಮಿತಿಯು ಸರಾಸರಿಯಲ್ಲಿ ಗಂಡಸರಿಗೆ ೧೬, ಹೆಂಗಸರಿಗೆ ೧೦.೫ ಮಿಲಿಆಂಪಿಯರು ಎಂದು ಕಂಡುಕೊಂಡರು. ಆಂಪಿಯರಿನ ಸಾವಿರದ ಒಂದು ಭಾಗಗಳಲ್ಲಿ ಎಣಿಸುವ ಈ ಅಲ್ಪ ಪ್ರವಾಹವು ಫ್ಯೂಜಿನ ಅರಿವಿಗೆ ಬರುವುದೇ ಇಲ್ಲ. ಫ್ಯೂಜು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

೧೯೬೦ರ ದಶಕದ ಆರಂಭದಲ್ಲಿ ಡಾಲ್‌ಜೀಲರು ರೂಪಿಸಿದ ಉಪಕರಣವು ಹೋಗುವ ವಿದ್ಯುತ್ತನ್ನೂ ಮರಳುವ ವಿದ್ಯುತ್ತನ್ನೂ ತೂಗಿ ನೋಡಿ, ವ್ಯತ್ಯಾಸ ಕಂಡೊಡನೆ ಮಾರ್ಗವನ್ನು ಕಡಿದುಹಾಕುವುದು. ಇದೇ ತತ್ತ್ವದ ರಕ್ಷಕವು ನಮ್ಮಲ್ಲಿ ಆರ್‌ಸಿಸಿಬಿ ಎಂಬ ಹೆಸರಿನಿಂದ ದೊರೆಯುತ್ತದೆ. ೩೦ ಮಿಲಿಆಂಪಿಯರಿನ ಸೋರಿಕೆಗೆ ಕಡಿಯುವ ರಕ್ಷಕವು ತೊಟ್ಟಿಯಿರುವ ಮನೆಯಲ್ಲಿ ಅತ್ಯವಶ್ಯ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗಾಜಿನ ತೊಟ್ಟಿಯು ನೆಲದಿಂದ ಬೇರ್ಪಟ್ಟಿರುವುದರಿಂದ, ತಾಪಕವು ಒಡೆದರೂ ಯಾರಾದರೂ ಕೈಯಿಡುವವರೆಗೆ ವಿದ್ಯುತ್ತು ಸೋರಲು ದಾರಿಯೇ ಇರದಿರಬಹುದು. ಕೈಯಿಟ್ಟಾಗ ಆಘಾತವಾಗುವುದು, ರಕ್ಷಕವು ಅದನ್ನು ಕ್ಷಣಾರ್ಧಕ್ಕೆ ಮಿತಗೊಳಿಸುವುದು. ಆದಕಾರಣ ರಕ್ಷಕವಿದ್ದರೂ ಪ್ಲಗ್ಗನ್ನು ಕಿತ್ತ ಮೇಲೆಯೇ ಕೈಯನ್ನು ನೀರಿಗಿಳಿಸತಕ್ಕದ್ದು. ಸ್ವಿಚ್ಚನ್ನು ಆರಿಸಿದರೆ ಸಾಲದು. ವೈರಿಂಗಿನಲ್ಲಿ ತಂತಿಗಳು ಅದಲುಬದಲಾಗಿದ್ದರೆ ಆರಿದ ಸ್ವಿಚ್ಚಿನ ಆಚೆಯೂ ವಿದ್ಯುತ್ತಿರುವುದು.

ಕೊಳ್ಳುವಾಗ ನೋಡತಕ್ಕ ಸಂಗತಿಗಳನ್ನು ಈಗ ಸಂಗ್ರಹಿಸಬಹುದು. ತಾಪಕದ ಮೇಲೆ ವೋಲ್ಟು, ವಾಟು, ತಯಾರಕರ ಹೆಸರು ಸ್ಪಷ್ಟವಾಗಿ ಅಚ್ಚಾಗಿರಬೇಕು. ಸತತವಾಗಿ ಮುಳುಗಿರಬಲ್ಲುದೆಂದು ಸೂಚಿಸುವ ‘ಐಪಿಎಕ್ಸ್ ೮’ ಅಥವಾ ‘ಐಪಿ ೬೮’ ಗುರುತು ಇರಬೇಕು; ‘೭’ ಎಂಬುದು ತಾತ್ಕಾಲಿಕ ಮುಳುಗುವಿಕೆಗೆ ಮಾತ್ರ ಅನ್ವಯಿಸುವುದು. ಅಂತರರಾಷ್ಟ್ರೀಯ ವಿದ್ಯುತ್ತಾಂತ್ರಿಕ ಆಯೋಗದ ೬೦೩೩೫ ಮಾಲೆಯ ೨-೫೫ನೆಯ ಭಾಗವು ಮತ್ಸ್ಯಾಲಯದ ಉಪಕರಣಗಳಿಗೆಂದೇ ರಚಿತವಾಗಿದೆ. ಅದರ ಉಲ್ಲೇಖವಿದ್ದರೆ ಒಳ್ಳೆಯದು. ನೀರಿಲ್ಲದೆ ಹೊತ್ತಿದಾಗ ತಾನೇ ಆರುವ ಏರ್ಪಾಡಿರಬೇಕು. ಲೋಹದ ಕೊಳವೆಯಾದರೆ ಮೂರು ಕಾಲಿನ ಪ್ಲಗ್ಗೂ, ಅದಕ್ಕೆ ತಕ್ಕಂತೆ ಮನೆಯಲ್ಲಿ ನಿಜವಾದ ಅರ್ಥಿಂಗೂ ಇರಬೇಕು. ಸಾಕೆಟ್ಟಿನಲ್ಲಿ ಮೂರನೆಯ ರಂಧ್ರವಿದ್ದಮಾತ್ರಕ್ಕೆ ಅರ್ಥಿಂಗ್ ಇದೆಯೆಂದಲ್ಲ. ಹಳೆಯ ಮನೆಗಳಲ್ಲಿ ಬಲ್ಲ ಕೆಲಸಗಾರನಿಂದ ಪರೀಕ್ಷಿಸಬೇಕು.

ಬಳಸುವಾಗ ತಾಪಕವನ್ನು ನೀರಿನ ಚಲನೆಯಿರುವೆಡೆ, ಮರಳಿಗೆ ತಾಗದಂತೆ ನಿಲ್ಲಿಸಬೇಕು. ನೀರು ಬದಲಿಸುವ ಮೊದಲು ಪ್ಲಗ್ಗನ್ನು ಕಿತ್ತು ಅರ್ಧ ಗಂಟೆ ಕಾಯಬೇಕು. ಕಾದ ಗಾಜು ಗಾಳಿಗೆ ಬಂದು ಮತ್ತೆ ತಣ್ಣೀರಿಗೆ ಇಳಿದರೆ ಬಿರಿಯುವುದು. ತಂತಿಯು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲಕ್ಕೇರಬೇಕು. ತಂತಿಗುಂಟ ಇಳಿಯುವ ನೀರಿನ ಹನಿ ಆ ಜೋಲಿನಲ್ಲಿಯೇ ಬಿದ್ದುಹೋಗುವುದು. ರಕ್ಷಕದ ಪರೀಕ್ಷಾಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಕೊಳವೆಯೊಳಗೆ ಮಂಜು ಕವಿದಂತೆ ತೇವ ಕಂಡರೆ ಆ ತಾಪಕವನ್ನು ದುರಸ್ತಿ ಮಾಡಿಸದೆ ತ್ಯಜಿಸತಕ್ಕದ್ದು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊಟ್ಟೆಯ ಕಾವಿಗಾಗಿ ಹುಟ್ಟಿದ ನಿಯಾಮಕ, ಗಡಿಯಾರಕ್ಕಾಗಿ ಹುಟ್ಟಿದ ಪಟ್ಟಿ, ದೇಹಕ್ಕೆ ತಗಲುವ ಆಘಾತದ ಅಧ್ಯಯನದಿಂದ ಹುಟ್ಟಿದ ರಕ್ಷಕ ಇವೆಲ್ಲ ಕೂಡಿ ಒಂದು ಚಿಕ್ಕ ಗಾಜಿನ ಕೊಳವೆಯ ಸುತ್ತ ನಿಂತಿವೆ. ಇವುಗಳಲ್ಲಿ ಸುರಕ್ಷತೆಗೆ ಅತ್ಯಂತ ಮುಖ್ಯವಾದುದು ತಾಪಕದೊಳಗೆ ಇಲ್ಲವೇ ಇಲ್ಲ. ಅದು ಮನೆಯ ಗೋಡೆಯ ಮೇಲಿದೆ. ಎಷ್ಟೇ ಬೆಲೆಯ ತಾಪಕವೂ ಕೆಟ್ಟ ವೈರಿಂಗಿನ ಮನೆಯಲ್ಲಿ ಅಪಾಯಕರವೇ. ಮಿತವಾದ ವಾಟಿನ ಸಾಮಾನ್ಯ ತಾಪಕವೂ ಒಳ್ಳೆಯ ರಕ್ಷಕದ ಹಿಂದೆ ಬಹುಮಟ್ಟಿಗೆ ನಂಬಲರ್ಹ.

ಅಂಗಡಿಗೆ ಹೋಗುವವನು ತಾಪಕದ ಹೆಸರನ್ನು ಕೇಳುವ ಮುನ್ನ ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಲಿ: ನನ್ನ ಮೀನು ಎಲ್ಲಿಯದು, ನನ್ನ ಕೋಣೆಯ ರಾತ್ರಿಯ ಉಷ್ಣಮಾನವೆಷ್ಟು, ನನ್ನ ಮನೆಗೆ ಬರುವ ವಿದ್ಯುತ್ತು ಎಂಥದು? ಈ ನಾಲ್ಕು ತಾಲೂಕುಗಳಲ್ಲಿ ಈ ಮೂರಕ್ಕೂ ಉತ್ತರಗಳು ಊರಿಂದೂರಿಗೆ ಬೇರೆಯಾಗುತ್ತವೆ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದವರೂ ಭೌತಶಾಸ್ತ್ರ ವಿಭಾಗದವರೂ ಸೇರಿ ತಮ್ಮ ತಮ್ಮ ಊರಿನ ಚಳಿಗಾಲದ ನೀರಿನ ಉಷ್ಣಮಾನವನ್ನೂ ವೋಲ್ಟೇಜಿನ ಏರಿಳಿತವನ್ನೂ ದಿನಚರಿಯಾಗಿ ಬರೆದಿಟ್ಟರೆ, ಅದು ಮೀನು ಸಾಕುವವರಿಗೆ ಉಪಕಾರವಾಗುವುದಲ್ಲದೆ, ಮುಂದಿನ ಇತಿಹಾಸಕಾರನಿಗೆ ಒಳ್ಳೆಯ ಆಧಾರವೂ ಆಗುವುದು.